ಸ್ಲೋವಾಕಿಗೆ ನೋಟುಬುಕ್ಕು, ಬೋಡೋಗೆ ಹಿಂದಿ

ನಾಲ್ಕು ವರ್ಷಗಳಲ್ಲಿ ನಾನು ಮಾಡದೆ ಬಿಟ್ಟ ಒಂದು ಕೆಲಸವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಕಿರಿಯ ತಮ್ಮನ ಹೆಂಡತಿಯ ಭಾಷೆಯಲ್ಲಿ ನೀರಿಗೆ ಏನೆನ್ನುತ್ತಾರೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಭಾಷೆಗಳ ಉಸಾಬರಿ ಏಕೆ ಎಂದು ನೀವು ನನ್ನ ಪರವಾಗಿ ವಾದಿಸಬಹುದು. ದಯವಿಟ್ಟು ವಾದಿಸಬೇಡಿ. ಅದೇ ನಾನು ಇನ್ನೊಬ್ಬ ತಮ್ಮನ ಹೆಂಡತಿಯ ಭಾಷೆಗಾಗಿ ಇನ್ನೂರು ಪುಟದ ನೋಟುಬುಕ್ಕು ತೆಗೆದುಕೊಂಡವನು.

ಮೂಡುಬಿದಿರೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಉಂಟು. ನನಗೆ ಇಬ್ಬರು ತಮ್ಮಂದಿರು. ದೊಡ್ಡವನು ಪ್ರವೀಣ, ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿದ್ದಾಗ ಸ್ಲೋವಾಕಿಯಾದ ಜುಜಾನಾಳನ್ನು ಮೆಚ್ಚಿ ಮದುವೆಯಾದ. ಚಿಕ್ಕವನು ನವೀನ, ಬಂಟ್ವಾಳದ ಅಡಿಕೆ ಹಾಳೆತಟ್ಟೆ ತಯಾರಿಸುವ ಘಟಕದಲ್ಲಿ ತನ್ನ ಪಕ್ಕದ ಯಂತ್ರದಲ್ಲಿದ್ದ ಅಸ್ಸಾಮಿನ ಮೈನಾವ್‌ಳನ್ನು ಮೆಚ್ಚಿ ಮದುವೆಯಾದ. ಆಕೆ ಬೋಡೋ ಜನಾಂಗದವಳು. ಸ್ಲೋವಾಕಿಯಾ ಎಲ್ಲಿದೆ ಎಂದು ನನಗೆ ತಿಳಿಯದು. ಅಸ್ಸಾಮಾದರೋ ಶಾಲೆಯ ನಕ್ಷೆಯ ಮೂಲೆಯಲ್ಲಿತ್ತು. ಆದರೂ ದೂರದ್ದು ನನಗೆ ಹತ್ತಿರವಾಯಿತು.

ಜುಜಾನಾ ಮೊದಲ ಬಾರಿ ಊರಿಗೆ ಬರುತ್ತಾಳೆ ಎಂದಾಗ ಒಂದು ತಿಂಗಳು ಮುಂಚೆಯೇ ಪ್ರವೀಣನಿಗೆ ಫೋನು ಮಾಡಿ ಶಬ್ದಗಳನ್ನು ಬರೆದುಕೊಳ್ಳತೊಡಗಿದೆ. ಕುತ್ತಿಗೆಗೆ ‘ಕ್ರ್‌ಕ್’, ಬೆರಳಿಗೆ ‘ಪ್ರ್‌ಸ್ತ್’. ಟೈಲರನಿಗೆ ಇವೆರಡೂ ಬೇಕಾದವೇ. ಆದರೆ ಒಂದು ಸ್ವರವೂ ಇಲ್ಲದ ಈ ಶಬ್ದಗಳನ್ನು ಕನ್ನಡದಲ್ಲಿ ಬರೆಯಹೋದರೆ ಒತ್ತಕ್ಷರಗಳು ಒಂದರ ಕಾಲಿಗೆ ಒಂದು ಜೋತುಬೀಳುತ್ತಿದ್ದವು. ಹೇಳಹೋದರೆ ನನ್ನ ತುಳು ನಾಲಿಗೆ ಸುಮ್ಮನಿರಲಾರದೆ ‘ಕುರ್ಕು’, ‘ಪುರ್ಸ್ತು’ ಎನ್ನುತ್ತಿತ್ತು. ಬಟ್ಟೆಗೆ ಇಸ್ತ್ರಿ ಹಾಕುವಾಗಲೂ ನಾನು ಕುರ್ಕು ಕುರ್ಕು ಎನ್ನುವುದನ್ನು ಕೇಳಿ ಒಬ್ಬ ಗಿರಾಕಿ ಕೆಮ್ಮಿಗೆ ಕಷಾಯ ಹೇಳಿಕೊಟ್ಟು ಹೋದರು.

ಕೊನೆಗೆ ಆ ಭಾನುವಾರ ಬಂತು. ಎರಡೂ ಜೋಡಿಗಳು ನಮ್ಮ ಮನೆಗೆ ಊಟಕ್ಕೆ ಬಂದವು. ನಾನು ಇಸ್ತ್ರಿಯ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು, ‘ದೋಬ್ರೀ ದ್ಯೆನ್, ವಿತಾಯ್‌ತೆ’ ಎಂದು ಜುಜಾನಾಳನ್ನು ಸ್ವಾಗತಿಸಿದೆ. ಆಕೆ ಕೈತಟ್ಟಿದಳು. ಆಮೇಲೆ ಕೋರಿ ಸಾರು ಬಡಿಸಹೋದಾಗ ‘ನೋ, ನೋ’ ಎಂದಳೆಂದು ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡೆ. ಅವರಲ್ಲಿ ‘ನೋ’ ಎಂದರೆ ‘ಹೂಂ, ಮತ್ತೆ!’ ಎಂದು ಅರ್ಥವಂತೆ. ಪಾಪ, ಹುಡುಗಿ ನೀರುದೋಸೆಯನ್ನು ಬರಿದೇ ತಿಂದಳು. ಪ್ರವೀಣ ವಿವರಿಸಿದ ಮೇಲೆ ಎಲ್ಲರೂ ನಕ್ಕರು. ಆ ನಗುವಿನ ನಡುವೆ ಮೈನಾವ್ ನನ್ನತ್ತ ತಿರುಗಿ, “ಭಾವಾ, ಎಂಚ ಉಲ್ಲರ್, ಸೌಖ್ಯನಾ?” ಎಂದು ಅಚ್ಚ ತುಳುವಿನಲ್ಲಿ ಕೇಳಿದಳು.

“ಹಾಂ, ಹಾಂ. ಅಚ್ಛಾ ಹೈ. ತುಮ್ ಬೀ ಖಾವ್,” ಎಂದೆ ನಾನು.

ನವೀನ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

“ಅಣ್ಣಾ, ನೀನು ಎಂಥ ಜನ ಮಾರಾಯ? ನಾಲ್ಕು ವರ್ಷದಿಂದ ಅವಳು ನಿನ್ನ ಹತ್ರ ತುಳುವಿನಲ್ಲಿ ಮಾತಾಡ್ತಾಳೆ. ನಾಲ್ಕು ವರ್ಷದಿಂದ ನೀನು ಅವಳಿಗೆ ಹಿಂದಿಯಲ್ಲಿ ಉತ್ತರ ಕೊಡ್ತಿ. ಅದೂ ಆ ನಿನ್ನ ಹಿಂದಿ!”

“ಅದು… ಅವಳಿಗೆ ಸುಲಭ ಆಗ್ಲಿ ಅಂತ…”

“ಹಿಂದಿ ಅವಳ ಭಾಷೆಯಾ? ಬಿಳಿ ಅತ್ತಿಗೆಗೆ ನೋಟುಬುಕ್ಕು, ಇವಳಿಗೆ ‘ತುಮ್ ಬೀ ಖಾವ್’! ಒಳ್ಳೆ ಮರ್ಯಾದೆ ಉಂಟು ನಿನ್ನಲ್ಲಿ.”

ಮೈನಾವ್ ಅವನ ತೋಳು ಹಿಡಿದು, “ಬಿಡಿ ಮಾರ್ರೆ, ಊಟ ಮಾಡಿ,” ಎಂದಳು. ಆದರೆ ಅವನು ಕೈ ತೊಳೆದು ಎದ್ದೇಬಿಟ್ಟ. ಅಂದಿನಿಂದ ಎರಡು ತಿಂಗಳು ಅವನ ಫೋನಿಲ್ಲ. ನಾನು ಮಾಡಿದರೆ ಅವನು ಎತ್ತುವುದಿಲ್ಲ. ನನ್ನ ಅಳತೆಯನ್ನು ಇಷ್ಟು ಸರಿಯಾಗಿ ತೆಗೆದವರು ಬೇರೆ ಯಾರೂ ಇಲ್ಲ. ಎದುರಿಗಿದ್ದವಳ ಬಾಯಿಂದ ತುಳು ಬರುತ್ತಿದ್ದರೂ ನನ್ನ ಕಿವಿ ಅವಳ ಮುಖವನ್ನು ನೋಡಿಯೇ ಕೇಳುತ್ತಿತ್ತು.

ಪ್ರಾಯಶ್ಚಿತ್ತಕ್ಕೆಂದು ಬೋಡೋ ಕಲಿಯಲು ಹೊರಟೆ. ಬೆಳ್ತಂಗಡಿಯ ಹೋಟೆಲೊಂದರಲ್ಲಿ ಆ ಕಡೆಯ ಅಡುಗೆಯವನೊಬ್ಬ ಇದ್ದಾನೆ, ನನ್ನ ಹಳೆಯ ಗಿರಾಕಿ. ಅವನ ಮುಂದೆ ಅದೇ ನೋಟುಬುಕ್ಕಿನ ಕೊನೆಯ ಪುಟಗಳನ್ನು ಬಿಡಿಸಿ ಕೂತೆ. ನೀರಿಗೆ ‘ದುಯ್’ ಎಂದ. ಆದರೆ ಆ ‘ಉ’ ಉಂಟಲ್ಲ, ಅದು ಕನ್ನಡದ ‘ಉ’ ಅಲ್ಲ; ತುಟಿ ಗುಂಡಗೆ ಮಾಡದೆ ಹೇಳುವ, ನಮ್ಮ ತುಳು ಮಾತಿನ ಕೊನೆಗೆ ಬರುವ ಅರ್ಧ ‘ಉ’. ಶಾಲೆಯಲ್ಲಿ ಮೇಷ್ಟ್ರು ಅಂಥ ಅಕ್ಷರವೇ ಇಲ್ಲ ಎಂದು ನನ್ನ ಕಿವಿ ಹಿಂಡಿದ್ದರು. ನಾನು ಒಂದೇ ಸಲಕ್ಕೆ ಸರಿಯಾಗಿ ಹೇಳಿದೆ. ಅವನು ಸೌಟು ಕೆಳಗಿಟ್ಟು, “ಭಾಯ್, ಇದು ಹೊರಗಿನವರಿಗೆ ಬರುವುದೇ ಇಲ್ಲ!” ಎಂದ. ಕುರ್ಕು ಕುರ್ಕು ಎಂದು ತಿಂಗಳಿಡೀ ಕೆಮ್ಮಿದ್ದೆನಲ್ಲ, ಇಲ್ಲಿ ಮಾತ್ರ ನನ್ನ ನಾಲಿಗೆ ಹುಟ್ಟುವಾಗಲೇ ಪಾಸಾಗಿತ್ತು!

‘ಬೇಡ’ ಎನ್ನಲು ಅವರು ‘ನಾಂಗಾ’ ಎನ್ನುತ್ತಾರೆಂದು ಕೇಳಿದಾಗ ಹಳೆಯದೊಂದು ನೆನಪಾಯಿತು. ನವೀನನ ಮದುವೆಯ ಊಟದಲ್ಲಿ ಹೋಳಿಗೆ ಬಡಿಸುವಾಗ, ಆಗಿನ್ನೂ ತುಳು ಸರಿಯಾಗಿ ಬಾರದ ಮೈನಾವ್ ‘ನಾಂಗಾ, ನಾಂಗಾ’ ಎಂದಿದ್ದಳು. ಬೆಂಗಳೂರಿನವರಂತೆ ‘ನಂಗಾ?’ ಎಂದು ಕೇಳುತ್ತಿದ್ದಾಳೆ ಎಂದುಕೊಂಡು, ‘ಹೌದಮ್ಮ, ನಿಂಗೇ’ ಎಂದು ನಾಲ್ಕು ಹೋಳಿಗೆ ಹಾಕಿದ್ದೆ. ‘ನೋ’ ಎಂದವಳನ್ನು ಉಪವಾಸ ಕೆಡವಿದೆ, ‘ನಾಂಗಾ’ ಎಂದವಳಿಗೆ ಅಜೀರ್ಣ ಮಾಡಿಸಿದೆ. ಎರಡು ಭಾಷೆಗಳ ನಡುವೆ ನಾನು ಕಂಡ ದೊಡ್ಡ ವ್ಯತ್ಯಾಸ ಇಷ್ಟೇ.

ಕ್ಷಮೆಗೆ ‘ನಿಮಾಹಾ’ ಎನ್ನಬೇಕಂತೆ. ಮೂಡುಬಿದಿರೆಯಿಂದ ಬಂಟ್ವಾಳದವರೆಗೆ ಬಸ್ಸಿನಲ್ಲಿ ಅದನ್ನೇ ಜಪಿಸಿದೆ. ಬಾಗಿಲು ತೆರೆದವಳು ಮೈನಾವ್. ಅವಳ ಹಿಂದೆ ನವೀನ ಮುಖ ತಿರುಗಿಸಿ ಕೂತಿದ್ದ.

“ಬಲೆ ಭಾವಾ, ಕುಲ್ಲುಲೆ. ಚಾ ಪರ್ಪರಾ?” ಬನ್ನಿ, ಕೂತುಕೊಳ್ಳಿ, ಚಾ ಕುಡಿಯುತ್ತೀರಾ ಎಂದು ಎಂದಿನಂತೆಯೇ ಕೇಳಿದಳು.

ನಾನು ಕೈಮುಗಿದು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಹೇಳಿದೆ: “ಪ್ರೆಪಾಚ್‌ತೆ!”

“ಅದು ಜುಜಾನಕ್ಕನ ಭಾಷೆ ಅಲ್ವಾ ಭಾವಾ?” ಎಂದಳು ಮೈನಾವ್. ನವೀನನ ಬೆನ್ನು ಅಲುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಕ್ಷಮೆಯ ಮಾತೇ, ಆದರೆ ಸ್ಲೋವಾಕಿಯದು. ನಿಮಾಹಾ ಎಲ್ಲಿ ಇಳಿದುಹೋಯಿತೋ, ಎಷ್ಟು ತಡಕಿದರೂ ಸಿಗಲಿಲ್ಲ. ಆಗ ಹೊಳೆಯಿತು: ಇವಳು ನನ್ನ ಭಾಷೆಯಲ್ಲಿ ಚಾ ಕುಡಿಯುತ್ತೀರಾ ಎಂದು ಕೇಳಿ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಾಳೆ. ನಾಲ್ಕು ವರ್ಷದಿಂದ ಕಾಯುತ್ತಿದ್ದಾಳೆ.

“ಪರ್ಪೆ ಮೈನಾವ್,” ಎಂದೆ. ಕುಡಿಯುತ್ತೇನೆ ಎಂದು. ಮುಂದೆ ಕ್ಷಮೆ ಕೇಳುವಾಗ ಮಾತು ತಪ್ಪಲಿಲ್ಲ. “ಎನಡ್ದ್ ತಪ್ಪಾಂಡ್. ಮಾಫ್ ಮಲ್ಪುಲ.”