ನಡುಬೇಸಿಗೆಯ ಮಳೆಗೆ ಹರಿದುಹೋದ ನಾಲ್ಕು ಎಕರೆ ಮಣ್ಣು

ನೀಲಬಂಡೆ ಮೈನ್ಸ್ ಲಿಮಿಟೆಡ್, ತಪ್ಪಾಯಿತು, ಕಳೆದ ವಾರದಿಂದ ನೀಲಬಂಡೆ ಮಿಲೆಟ್ಸ್ ಲಿಮಿಟೆಡ್ ಎಂಬ ಹೊಸ ಹೆಸರಿನಿಂದ ಶೋಭಿಸುತ್ತಿರುವ ಕಂಪನಿಯ ಅಧ್ಯಕ್ಷರಾದ ಶ್ರೀ ಉಮಾಕಾಂತ ಅವರ ಸನ್ನಿಧಾನಕ್ಕೆ, ತಾಂಡೂರು.

ಮಾನ್ಯರೇ,

ಕರಣಕೋಟದ ರಸ್ತೆಯ ಪಕ್ಕದ ನಾಲ್ಕು ಎಕರೆ ಹೊಲವನ್ನು ತಮ್ಮ ಕಲ್ಲುಗಣಿಗೆ ಒಪ್ಪಿಸಿ, ಅದಕ್ಕೆ ಬದಲಾಗಿ ಇನ್ನೂರು ಷೇರುಗಳ ಒಡತಿಯಾದ ಜಗದೇವಿ ಎಂಬ ನಾನು, ನನ್ನ ಯಜಮಾನರಾದ ಶಂಕ್ರೆಪ್ಪನವರ ಸಮೇತ ತಮಗೆ ಶರಣು ಶರಣಾರ್ಥಿ ಹೇಳಿ, ತಮ್ಮ ಆರೋಗ್ಯ, ತಮ್ಮ ಕಾರಿನ ಆರೋಗ್ಯ ಹಾಗೂ ತಮ್ಮ ಕಚೇರಿಯ ಎ.ಸಿ.ಯ ಆರೋಗ್ಯ ಚೆನ್ನಾಗಿರಲೆಂದು ಹಾರೈಸಿ, ನಾಲ್ಕು ಜನರಿಗೆ ತಿಳಿಯಲೆಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಾಂಡೂರಿನ ಫಂಕ್ಷನ್ ಹಾಲಿನಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ, ಕಂಪನಿಯು ಇನ್ನು ಮುಂದೆ ಕಲ್ಲು ತೆಗೆಯುವುದನ್ನು ಬಿಟ್ಟು ಸಿರಿಧಾನ್ಯ ಬೆಳೆಯಲಿದೆ ಎಂದು ತಾವು ಘೋಷಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ. ಹದಿಮೂರು ವರ್ಷ ಭೂಮಿಯ ಹೊಟ್ಟೆ ಬಗೆದು, ಒಳಗಿನ ಕಲ್ಲು ಮುಗಿದ ಮೇಲೆ ಅದೇ ಭೂಮಿಯನ್ನು ತಾಯಿ ಎಂದು ಕರೆದು ಮೈಕಿನ ಮುಂದೆ ಕಣ್ಣೊರೆಸಿಕೊಳ್ಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನಮ್ಮ ಯಜಮಾನರಂತೂ ನವಣೆ ಉಪ್ಪಿಟ್ಟಿನಲ್ಲಿ ಗೋಡಂಬಿ ಕಂಡ ಸಂತೋಷಕ್ಕೆ ಎರಡೂ ಕೈ ಎತ್ತಿ ಠರಾವಿಗೆ ಒಪ್ಪಿಗೆ ಕೊಟ್ಟರು. ಅವರ ಹೆಸರಿನಲ್ಲಿ ಒಂದು ಷೇರೂ ಇಲ್ಲ ಎಂಬುದನ್ನು ಲೆಕ್ಕಿಸದೆ ಎರಡು ಕೈಗಳನ್ನೂ ಎಣಿಸಿಕೊಂಡ ತಮ್ಮ ದೊಡ್ಡ ಮನಸ್ಸಿಗೆ ನಾವು ಋಣಿಗಳು.

ಆದರೆ ಬೆಳೆಯಲು ಮಣ್ಣು ಬೇಕಲ್ಲ, ಸ್ವಾಮಿ? ನಮ್ಮ ಒಪ್ಪಂದದಲ್ಲಿ ತಾವೇ ಬರೆಸಿದ್ದೀರಿ: ಕಲ್ಲಿನ ಮೇಲಿನ ಕರಿ ಮಣ್ಣನ್ನು ಹುಷಾರಾಗಿ ತೆಗೆದು ಗಣಿಯ ದಂಡೆಯಲ್ಲಿ ಗುಡ್ಡೆ ಹಾಕುವುದು, ಕೆಲಸ ಮುಗಿದ ಮೇಲೆ ಗುಂಡಿ ತುಂಬಿ, ಅದೇ ಮಣ್ಣನ್ನು ಮೇಲೆ ಹರಡಿ, ಹೊಲವನ್ನು ಹೊಲವಾಗಿಯೇ ನನಗೆ ಮರಳಿಸುವುದು. ಆ ಗುಡ್ಡೆ ಇಷ್ಟು ವರ್ಷವೂ ಅಲ್ಲೇ ಇತ್ತು. ಮಣ್ಣು ಬರಿದೇ ಬಿದ್ದರೆ ಸತ್ತುಹೋಗುತ್ತದೆಂದು ನಾನು ಪ್ರತಿ ಮುಂಗಾರಿಗೂ ಅದರ ಮೇಲೆ ಹತ್ತಿ, ನಮ್ಮ ಅತ್ತೆಯವರ ಕಾಲದಿಂದ ಉಳಿಸಿಕೊಂಡು ಬಂದ ಕಪ್ಪು ತೆನೆಯ ನವಣೆಯನ್ನು ಚೆಲ್ಲುತ್ತಿದ್ದೆ. ಈ ನವಣೆಯನ್ನು ಸುತ್ತ ಹತ್ತು ಹಳ್ಳಿಯಲ್ಲಿ ನಮ್ಮ ಮನೆಯವರಲ್ಲದೆ ಬೇರೆ ಯಾರೂ ಬಿತ್ತುವುದಿಲ್ಲ. ತಮ್ಮ ಗಣಿಯವರು ನನ್ನನ್ನು ನೋಡಿ ನಗುತ್ತಿದ್ದರು, ಕುರಿಗಳು ಬಂದು ಮೇಯುತ್ತಿದ್ದವು, ಉದುರಿದ ಕಾಳು ಮಣ್ಣಿನಲ್ಲೇ ಉಳಿಯುತ್ತಿತ್ತು.

ಈ ವರ್ಷದ ವೈಶಾಖದಲ್ಲಿ ಮಗಳ ಬಾಣಂತನಕ್ಕೆಂದು ನಾರಾಯಣಖೇಡಕ್ಕೆ ಹೋದೆ. ಹಿಂತಿರುಗಿ ಬಂದು ನೋಡಿದರೆ ಗುಡ್ಡೆಯೇ ಇಲ್ಲ! ತಮ್ಮ ಮ್ಯಾನೇಜರ್ ದೇವಿದಾಸ ಅವರನ್ನು ವಿಚಾರಿಸಿದಾಗ ಅವರು ಬಹಳ ನೊಂದ ಮುಖ ಮಾಡಿ, “ಏನ್ ಮಾಡಾಕ ಆಗ್ತದ್ರಿ ಬಾಯಿ, ಎಲ್ಲಾ ಮಳೀಗಿ ಹರಕೊಂಡು ಹೋಗ್ಯಾದ” ಎಂದರು. ಬಾವಿಗಳ ತಳ ಕಾಣುವ ತಿಂಗಳಿನಲ್ಲಿ ಮಳೆ! ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು, “ದೊಡ್ಡ ಮಂದಿ ಹೇಳ್ಯಾರಂದ್ರ ಬಂದಿರಬೇಕು ತಗೋ, ಸುಮ್ಕ ಕೂಡು” ಎಂದು ನನಗೇ ಬುದ್ಧಿ ಹೇಳಿದರು. ಅವತ್ತು ಸುಮ್ಮನೆ ಕೂತೆ.

ಸಭೆಯ ಮರುದಿನ ತಾವು ಷೇರುದಾರರನ್ನೆಲ್ಲ ಬಸ್ಸಿನಲ್ಲಿ ಕರೆದೊಯ್ದು ಜಹೀರಾಬಾದಿನ ಬಳಿಯ ಮಾದರಿ ತೋಟ ತೋರಿಸಿದ್ದು ದೊಡ್ಡ ಉಪಕಾರವಾಯಿತು. ಸುತ್ತ ಎಲ್ಲಿ ನೋಡಿದರೂ ಕೆಂಪು ನೆಲ, ತಮ್ಮ ಬೇಲಿಯ ಒಳಗೆ ಮಾತ್ರ ನಮ್ಮ ಕಡೆಯ ಕರಿ ಮಣ್ಣು. ‘ನವಣೆ’ ಎಂದು ಬೋರ್ಡು ನೆಟ್ಟಿದ್ದ ಮಡಿಯಲ್ಲಿ ನೋಡಲು ನವಣೆಯಂತೆಯೇ ಇರುವ, ಕಾಳಿಲ್ಲದ ಕಳೆ ಹುಲ್ಲು ತಲೆದೂಗುತ್ತಿತ್ತು. ಅದನ್ನು ಎದೆಗವಚಿಕೊಂಡು ತಾವು ಫೋಟೊ ತೆಗೆಸಿಕೊಂಡಿರಿ, ಹೈದರಾಬಾದಿನಿಂದ ಬಂದಿದ್ದ ತಜ್ಞರು ಆ ಹುಲ್ಲಿನ ಪೌಷ್ಟಿಕ ಗುಣಗಳನ್ನು ವಿವರಿಸಿದರು. ಪಕ್ಕದ ಮಡಿಯಲ್ಲಿ ಪಸ್ತಾಪುರದ ಕಡೆಯ ಅಮೃತಬಾಯಿ ಎಂಬ ಕೂಲಿಯ ಹೆಣ್ಣುಮಗಳು ಕಳೆ ಕಿತ್ತು ರಾಶಿ ಹಾಕುತ್ತಿದ್ದಳು. ಆ ರಾಶಿಯಲ್ಲಿ ಕಂಡದ್ದು ಕಪ್ಪು ತೆನೆ. ಬಗ್ಗಿ ಒಂದು ತೆನೆ ಎತ್ತಿಕೊಂಡೆ. ಇದೇನವ್ವಾ ಎಂದು ಕೇಳಿದರೆ ಅವಳು, “ಇದು ನವಣಿ ಅಂತ ನನಗೂ ಗೊತ್ತದ್ರಿ ಯಕ್ಕಾ, ಆದ್ರ ಸಾಹೇಬ್ರು ಕಸ ಅಂದಾರ, ಕೀಳಾಕತ್ತೀನಿ. ಬ್ಯಾಸಗ್ಯಾಗ ತಾಂಡೂರ ಕಡಿಂದ ಲಾರ್ಯಾಗ ಮಣ್ಣ ಬಂತಲ್ರಿ, ಅದರ ಜೋಡಿ ಬಂದಾವ ಇವು” ಎಂದಳು.

ಆಹಾ, ಎಂಥ ಮಳೆ, ಮಾನ್ಯರೇ! ನಮ್ಮ ಕಾಗಿಣಾ ನದಿಯೇ ಇಳಿಜಾರು ಹಿಡಿದು ಭೀಮೆಯ ಕಡೆಗೆ ಹೋಗುವಾಗ, ಈ ಮಳೆ ಮಾತ್ರ ಅದಕ್ಕೆ ಬೆನ್ನು ಹಾಕಿ, ಏರು ದಾರಿ ಹತ್ತಿ, ದಾರಿಯ ಒಂದು ಸೇತುವೆಯನ್ನೂ ಮುಳುಗಿಸದೆ ಜಹೀರಾಬಾದಿಗೆ ಬಂದು, ತಮ್ಮ ತೋಟದ ಗೇಟನ್ನು ತಾನೇ ತೆರೆದು, ನಾಲ್ಕು ಎಕರೆ ಮಣ್ಣನ್ನು ಚೌಕಚೌಕವಾಗಿ ಮಡಿ ಕಟ್ಟಿ, ನಡುವೆ ಓಡಾಡಲು ದಾರಿಯನ್ನೂ ಬಿಟ್ಟು ನಿಂತಿದೆ. ಇಂತಹ ಶಿಸ್ತಿನ ಮಳೆಯನ್ನು ಕೂಡಲೇ ಕಂಪನಿಯ ನಿರ್ದೇಶಕ ಮಂಡಳಿಗೆ ಸೇರಿಸಿಕೊಳ್ಳಬೇಕೆಂದು ಷೇರುದಾರಳಾಗಿ ವಿನಂತಿಸುತ್ತೇನೆ. ಸೇರಿದ ಮೇಲೆ ಅದರ ಮೊದಲ ಕೆಲಸವಾಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹರಿದು ಆ ಮಣ್ಣನ್ನು ನನ್ನ ಹೊಲಕ್ಕೆ ಮುಟ್ಟಿಸುವಂತೆ ತಾವು ಅಪ್ಪಣೆ ಕೊಡಿಸಬೇಕು. ಇಳಿಜಾರಿನ ದಾರಿಯಾದ್ದರಿಂದ ಅದಕ್ಕೆ ಆಯಾಸವಾಗದು.

ಬರುವ ಯುಗಾದಿಗೆ ಒಪ್ಪಂದದ ಅವಧಿ ಮುಗಿಯುತ್ತದೆ. ಅವತ್ತು ತಾವು ನನಗೆ ಒಪ್ಪಿಸುವುದಾದರೂ ಏನನ್ನು? ಬೋಳು ಬಂಡೆಯ ಗುಂಡಿಯನ್ನು. ಅದರಲ್ಲಿ ಏನು ಬಿತ್ತಲಿ, ಸಭೆಯಲ್ಲಿ ತಾವು ಹಂಚಿದ ವಾರ್ಷಿಕ ವರದಿಯ ಬಣ್ಣದ ಪುಸ್ತಕವನ್ನೇ? ಮರ್ಯಾದೆಯ ಮಾತು ಇಲ್ಲಿಗೆ ಸಾಕು. ನನಗೆ ಸಿಟ್ಟು ಬಂದಿದೆ, ಉಮಾಕಾಂತರೇ, ಹೊಟ್ಟೆ ಉರಿಯುತ್ತಿದೆ. ಮುಂದಿನ ಮುಂಗಾರಿಗೆ ನನ್ನ ಹೊಲದಲ್ಲಿ ನಾನೇ ಕೂರಿಗೆಯ ಹಿಂದೆ ನಡೆಯಬೇಕೆಂದು ಹದಿಮೂರು ವರ್ಷ ಆ ಗುಡ್ಡೆಯನ್ನು ಕೂಸಿನಂತೆ ಕಾಯ್ದಿದ್ದೇನೆ. ಷೇರು ಬೇಕಾದರೆ ಹಿಂದಕ್ಕೆ ತೆಗೆದುಕೊಳ್ಳಿ. ಮಣ್ಣು ಕೊಡಿ.

ತಮ್ಮ ಏಳಿಗೆಯನ್ನೇ, ಅಂದರೆ ಆ ತೋಟದಿಂದ ತಾವು ಏಳುವುದನ್ನೇ ಎದುರು ನೋಡುತ್ತಿರುವ,

ತಮ್ಮ ವಿಶ್ವಾಸಿ,
ಜಗದೇವಿ ಶಂಕ್ರೆಪ್ಪ
ಕರಣಕೋಟ ರಸ್ತೆ, ತಾಂಡೂರು

ವಿ.ಸೂ.: ತೋಟದಿಂದ ಹೊರಡುವಾಗ ನಾನು ಅಮೃತಬಾಯಿಯ ಬುಟ್ಟಿಯ ತುಂಬ ಮಣ್ಣು ತುಂಬಿಕೊಂಡು, ಎಲ್ಲರೆದುರಿಗೇ ತಲೆಯ ಮೇಲೆ ಹೊತ್ತು ಬಸ್ಸು ಹತ್ತಿದ್ದಕ್ಕೆ ದೇವಿದಾಸ ಅವರು ಕಳ್ಳತನದ ದೂರು ಕೊಡುವುದಾಗಿ ಹೆದರಿಸಿದ್ದಾರೆ. ದಯವಿಟ್ಟು ಆ ದೂರನ್ನು ಬೇಗ ಕೊಡಿಸಿ. ಬುಟ್ಟಿ ನಮ್ಮ ಮನೆಯ ಕಟ್ಟೆಯ ಮೇಲೆಯೇ ಇದೆ, ನಾನೂ ಅದರ ಪಕ್ಕದಲ್ಲೇ ಕೂತಿದ್ದೇನೆ. ಆ ಮಣ್ಣು ಕಂಪನಿಗೆ ಎಲ್ಲಿಂದ ಬಂತು ಎಂಬುದನ್ನು ದೂರಿನಲ್ಲಿ ತಮ್ಮ ಕೈಯಾರೆ ಬರೆದು ಸಹಿ ಹಾಕಿದರೆ ಸಾಕು.