ಲೇಬರ್ ಡೇಗೆ ಎಲ್ಲಿಗೆ?

ಐವತ್ತು ದಾಟಿದ ನಾಲ್ವರು ಗಂಡಸರು ಮೂರು ದಿನದ ರಜೆಗೆ ಒಂದು ಊರು ಗೊತ್ತು ಮಾಡುವುದಕ್ಕಿಂತ, ಅದೇ ನಾಲ್ವರು ಸೇರಿ ಹೊಸದಾಗಿ ಒಂದು ಊರು ಕಟ್ಟುವುದೇ ಸುಲಭವಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನನ್ನ ಹೆಂಡತಿ ಸುಮಾ ಗೆಳತಿಯರ ಜೊತೆ ಫೋನಿನಲ್ಲಿ ಮಾತಾಡುತ್ತಾ ಸಾರಿಗೆ ಒಗ್ಗರಣೆ ಹಾಕಿ ಮುಗಿಸುವಷ್ಟರಲ್ಲಿ ಅವರ ನಯಾಗರಾ ಪ್ರವಾಸಕ್ಕೆ ಕೋಣೆ ಬುಕ್ ಆಗಿರುತ್ತದೆ. ನಮ್ಮದು ಜೂನ್ ತಿಂಗಳಲ್ಲಿ ಶುರುವಾದ ಮಾತು ಆಗಸ್ಟ್ ಕೊನೆಯಾದರೂ ದಡ ಸೇರುವುದಿಲ್ಲ. ಒಬ್ಬ ಒಂದು ಊರಿನ ಹೆಸರು ಹೇಳಬೇಕು, ಉಳಿದ ಮೂವರು ಅದರ ಮೇಲೆ ಮುಗಿಬೀಳಬೇಕು, ಹೇಳಿದವನು ಎರಡು ದಿನ ಮುನಿಸಿಕೊಳ್ಳಬೇಕು. ಇದು ನಮ್ಮ ಪದ್ಧತಿ. ಒಂಬತ್ತು ವರ್ಷ ಹೀಗೇ ನಡೆದುಕೊಂಡು ಬಂದದ್ದು ಈ ವರ್ಷ ಮಾತ್ರ ಐದೇ ನಿಮಿಷದಲ್ಲಿ, ಒಂದು ಕೆಟ್ಟ ಮಾತೂ ಇಲ್ಲದೆ ತೀರ್ಮಾನವಾಗಿಬಿಟ್ಟಿತು. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ.

ಮೊದಲು ನಾಲ್ವರ ಪರಿಚಯ ಮಾಡಿಬಿಡುತ್ತೇನೆ. ದಾವಣಗೆರೆಯ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಬಿದ್ದುಕೊಂಡಿದ್ದವರು ನಾವು. ನಾನು ಪರಮೇಶ್ವರ, ಇವರಿಗೆಲ್ಲ ಪರಮೇಶಿ. ಮಿಷಿಗನ್ ರಾಜ್ಯದ ನೋವೈ ಎಂಬ ಊರಿನಲ್ಲಿ ಮನೆ; ಕಾರಿನ ಸೀಟು ವಿನ್ಯಾಸ ಮಾಡುವುದು ಕೆಲಸ. ಜನ ಇನ್ನಷ್ಟು ಸುಖವಾಗಿ ಕೂರುವುದು ಹೇಗೆ ಎಂದು ಇಡೀ ದಿನ ಕೂತು ಯೋಚಿಸುತ್ತೇನೆ, ಅದರ ಫಲ ನನ್ನ ಸೊಂಟದ ಸುತ್ತ ಕಾಣಿಸುತ್ತದೆ. ಮೈಸೂರಿನ ಶ್ರೀಧರ ನನ್ನಿಂದ ಕಾಲು ಗಂಟೆ ದೂರದ ಲಿವೋನಿಯಾದಲ್ಲಿದ್ದಾನೆ. ಯಾವುದನ್ನೇ ಆಗಲಿ ಸ್ಪ್ರೆಡ್‌ಶೀಟಿಗೆ ಹಾಕದೆ ಅವನಿಗೆ ಅನ್ನ ಸೇರುವುದಿಲ್ಲ. ಬಾಗಲಕೋಟೆಯ ಬಸವರಾಜ, ಅಂದರೆ ನಮ್ಮ ಬಸು, ಷಿಕಾಗೋ ಪಕ್ಕದ ಬೋಲಿಂಗ್‌ಬ್ರೂಕ್‌ನ ದೊಡ್ಡ ಗೋದಾಮೊಂದರಲ್ಲಿ ಮ್ಯಾನೇಜರ್. ಗಂಟಲು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು, ತಾಳ್ಮೆ ಮಾತ್ರ ಸಾಸಿವೆ ಕಾಳಿನಷ್ಟು. ಅದೇ ಬೋಲಿಂಗ್‌ಬ್ರೂಕ್‌ನಲ್ಲಿ ಅವನಿಂದ ಎರಡು ರಸ್ತೆ ಆಚೆ ಗೋಪಿ ಇದ್ದಾನೆ. ಗೋಪಿಯ ವಿಶೇಷವೆಂದರೆ ನಿದ್ದೆ. ಹಾಸ್ಟೆಲಿನಲ್ಲಿ ಒಮ್ಮೆ ಪಕ್ಕದ ಕೋಣೆಯ ಸ್ಟವ್ ಸಿಡಿದು ಎಲ್ಲರೂ ಅಂಗಳಕ್ಕೆ ಓಡಿದಾಗ ಅವನೊಬ್ಬ ಒಳಗೆ ಗೊರಕೆ ಹೊಡೆಯುತ್ತಿದ್ದ. ಬೆಳಿಗ್ಗೆ ಎದ್ದು, ಯಾಕ್ರೋ ಇಷ್ಟು ಹೊಗೆ ವಾಸನೆ ಎಂದು ನಮ್ಮನ್ನೇ ಬೈದ.

ಪ್ರತಿ ವರ್ಷ ಸೆಪ್ಟೆಂಬರ್ ಮೊದಲ ಸೋಮವಾರ ಲೇಬರ್ ಡೇ ರಜೆ ಸೇರಿ ಬರುವ ವಾರಾಂತ್ಯಕ್ಕೆ ನಾವು ನಾಲ್ವರೇ ಎಲ್ಲಿಗಾದರೂ ಹೋಗಬೇಕೆಂಬುದು ಒಪ್ಪಂದ. ಆ 'ಎಲ್ಲಿಗಾದರೂ' ಎಂಬುದರಲ್ಲೇ ಎಲ್ಲ ತೊಡಕು. ಒಂದು ವರ್ಷ ನಾನು ಯೆಲ್ಲೋಸ್ಟೋನ್ ಅಂದೆ. ಸುಮಾಳನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಬಸು, "ಬಾತ್‌ರೂಮಿನ್ಯಾಗ ಜೇಡ ಕಂಡ್ರ ವೈನಿಯವ್ರನ್ನ ಕರೀತಿ, ನೀ ಕರಡಿ ನೋಡಾಂವೇನ?" ಎಂದು ಒಂದೇ ಏಟಿಗೆ ಆ ಇಡೀ ಉದ್ಯಾನವನ್ನು ಅಳಿಸಿಹಾಕಿದ. ಇನ್ನೊಂದು ವರ್ಷ ಶ್ರೀಧರ ನ್ಯೂ ಆರ್ಲಿಯನ್ಸ್ ಅಂದ. ಅಲ್ಲಿ ಸಿಗಡಿಯನ್ನೂ ತರಕಾರಿ ಅಂತ ಬಡಿಸುತ್ತಾರೆ ಎಂದು ಗೋಪಿ ಒಂದು ವಾರ ಗುಂಪಿನಲ್ಲಿ ಮಾತೇ ಬಿಟ್ಟ. ಬಸು ಲಾಸ್ ವೇಗಸ್ ಎಂದಾಗ ಶ್ರೀಧರ ಅದರ ಲಾಭ ನಷ್ಟಗಳ ಹನ್ನೆರಡು ಕಾಲಮ್ಮಿನ ಪಟ್ಟಿ ಮಾಡಿದ, ಅದನ್ನು ನಾವು ಓದಿ ಮುಗಿಸುವಷ್ಟರಲ್ಲಿ ಟಿಕೆಟ್ಟುಗಳು ಮುಗಿದಿದ್ದವು. ಕೊನೆಗೆ ಒಂಬತ್ತು ವರ್ಷವೂ ನಾವು ಹೋದದ್ದು ಒಂದೇ ಊರಿಗೆ: ಕ್ಯಾಲಮಜೂ. ನಮ್ಮಿಬ್ಬರ ಊರಿಗೂ ಅವರಿಬ್ಬರ ಊರಿಗೂ ಹೆಚ್ಚುಕಡಿಮೆ ನಡುವೆ ಬರುತ್ತದೆ ಎಂಬುದೊಂದೇ ಅದರ ಆಕರ್ಷಣೆ. ಹೈವೇ ಪಕ್ಕದ ಹೋಟೆಲು, ಕ್ಲೋರಿನ್ ವಾಸನೆಯ ಈಜುಕೊಳ, ಸುಮಾ ಕಟ್ಟಿಕೊಟ್ಟ ಪುಳಿಯೋಗರೆ, ಮೂರು ದಿನ ಇಸ್ಪೀಟು. ಅದರಲ್ಲೂ ನಮಗಿಂತ ತನಗೆ ಇಪ್ಪತ್ತೈದು ಮೈಲಿ ಜಾಸ್ತಿ ಡ್ರೈವಿಂಗ್ ಎಂದು ಬಸು ಪ್ರತಿ ವರ್ಷ ತಗಾದೆ ತೆಗೆಯುತ್ತಾನೆ. ಷಿಕಾಗೋ ಗಡಿಯಾರಕ್ಕಿಂತ ಮಿಷಿಗನ್ ಗಡಿಯಾರ ಒಂದು ಗಂಟೆ ಮುಂದಿದೆ ಎಂಬುದನ್ನು ಮರೆತು ಪ್ರತಿ ವರ್ಷ ಊಟಕ್ಕೆ ಒಂದು ಗಂಟೆ ತಡವಾಗಿ ಬರುತ್ತಾನೆ, ಬಂದವನು ನಾವೇ ಹಸಿವು ತಡೆಯದ ಹೊಟ್ಟೆಬಾಕರು ಎಂದು ಬೈಯುತ್ತಾನೆ.

ಈ ವರ್ಷದ ಏಪ್ರಿಲ್‌ನಲ್ಲಿ ಒಂದು ಘಟನೆ ನಡೆಯಿತು. ಇಂಡಿಯನ್ ಗ್ರೋಸರಿಯಲ್ಲಿ ಸೋನಾ ಮಸೂರಿ ಅಕ್ಕಿಯ ಚೀಲ ಎತ್ತಿ ಗಾಡಿಗೆ ಹಾಕುವಾಗ ಎದೆಯೊಳಗೆ ಯಾರೋ ಗಂಟು ಬಿಗಿದಂತಾಯಿತು. ಗ್ಯಾಸ್ ಇರಬೇಕು ಎಂದೆ. ಸುಮಾ ನನ್ನ ಮುಖ ನೋಡಿ, ಅಕ್ಕಿ, ಬೇಳೆ, ಗಾಡಿ ಎಲ್ಲವನ್ನೂ ಅಲ್ಲೇ ಬಿಟ್ಟು ನೇರ ಆಸ್ಪತ್ರೆಗೆ ಕಾರು ಓಡಿಸಿದಳು. ಸಂಜೆಯೊಳಗೆ ಒಂದು ಸ್ಟೆಂಟ್ ಕೂತಿತು. ಜೀವಮಾನವಿಡೀ ಸೀಟು ಕೂರಿಸಿದವನ ಎದೆಯಲ್ಲಿ ಇನ್ಯಾರೋ ಏನನ್ನೋ ಕೂರಿಸಿದ್ದರು. ಡಾಕ್ಟರು ಒಳ್ಳೆಯವರು. ನಡೆಯಿರಿ, ಎಣ್ಣೆ ಪದಾರ್ಥ ಬಿಡಿ, ಹೆದರಬೇಡಿ, ಎಲ್ಲರಂತೆ ಇರಿ ಎಂದರು. ನಡೆಯುತ್ತಿದ್ದೇನೆ, ಎಣ್ಣೆ ಪದಾರ್ಥ ಬಿಟ್ಟಿದ್ದೇನೆ. ಮಾರನೆಯ ದಿನವೇ ಬೋಲಿಂಗ್‌ಬ್ರೂಕ್‌ನಿಂದ ಬಸುವೂ ಗೋಪಿಯೂ ಒಂದೇ ಸಮನೆ ಡ್ರೈವ್ ಮಾಡಿಕೊಂಡು ಬಂದರು. ಬಸು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ತಂದಿದ್ದ. ಸುಮಾ ರೊಟ್ಟಿ ಇಟ್ಟುಕೊಂಡು ಉಳಿದದ್ದನ್ನು ಅವನ ಕೈಗೇ ವಾಪಸ್ ಕೊಟ್ಟಳು. ಅವನು ನನ್ನ ಹಾಸಿಗೆಯ ಪಕ್ಕ ಕೂತು, ಏನೂ ಮಾತಾಡದೆ, ಆ ಎಣ್ಣೆಗಾಯಿಯನ್ನು ತಾನೇ ತಿಂದು ಮುಗಿಸಿದ. ಬಸು ಮಾತಾಡದೆ ಅರ್ಧ ಗಂಟೆ ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು, ಅದು ಸ್ಟೆಂಟಿಗಿಂತ ಹೆಚ್ಚು ದಿಗಿಲು ಹುಟ್ಟಿಸಿತು.

ಜೂನ್‌ನಲ್ಲಿ ವಾಡಿಕೆಯಂತೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಲೇಬರ್ ಡೇ ಮಾತು ಎತ್ತಿದೆ. ಕೊಲೊರಾಡೋ ಬೆಟ್ಟ, ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ಕ್ಯಾಬಿನ್ ಎಂದು ಬರೆದು, ಬಸುವಿನ ಗುಡುಗಿಗೆ ಕಾದು ಕೂತೆ. "ಸೂಪರ್" ಎಂದ ಬಸು. "ಒಳ್ಳೇ ಐಡಿಯಾ ಕಣೋ" ಎಂದ ಶ್ರೀಧರ. ಗೋಪಿ ಎರಡು ಹೆಬ್ಬೆಟ್ಟು ಎತ್ತಿದ. ನಾನು ಫೋನನ್ನು ಒರೆಸಿ ಮತ್ತೆ ನೋಡಿದೆ. ಎರಡು ದಿನ ಬಿಟ್ಟು, ಕ್ಯಾಬಿನ್ ಸಿಗಲಿಲ್ಲವೆಂದು ಶ್ರೀಧರ ತುಂಬ ವಿನಯದಿಂದ ತಿಳಿಸಿದ. ಯೂಟಾದ ಮರುಭೂಮಿ ಅಂದೆ. ಅದೂ ಸೂಪರ್. ಮತ್ತೆರಡು ದಿನಕ್ಕೆ ಗೋಪಿಗೆ ಏನೋ ಅಡಚಣೆ. ಮೇನ್ ರಾಜ್ಯದ ಯಾವುದೋ ದ್ವೀಪ ಅಂದೆ. ಸೂಪರ್‌ಗೆ ಸೂಪರ್, ಕೊನೆಗೆ ದೋಣಿ ಇಲ್ಲ. ಯಾರೂ ನನ್ನ ಜೇಡದ ವಿಷಯ ಎತ್ತಲಿಲ್ಲ. ನನ್ನ ಡ್ರೈವಿಂಗನ್ನು ಎತ್ತಿನ ಗಾಡಿಗೆ ಹೋಲಿಸಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಗಳು ಅನನ್ಯಳ ಹತ್ತಿರ ಹೇಳಿಕೊಂಡೆ. "ಡ್ಯಾಡ್, ದೇ ಆರ್ ಜಸ್ಟ್ ಬೀಯಿಂಗ್ ನೈಸ್" ಎಂದಳು ಅವಳು, ತಟ್ಟೆಯಿಂದ ತಲೆ ಎತ್ತದೆ. "ಅದೇ ಕಣಮ್ಮ ಪ್ರಾಬ್ಲಮ್ಮು" ಎಂದೆ. ಮೂವತ್ತು ವರ್ಷದಿಂದ ನನ್ನನ್ನು ಬೈದುಕೊಂಡೇ ಸಾಕಿದವರು ಇದ್ದಕ್ಕಿದ್ದಂತೆ ಮರ್ಯಾದೆ ಕೊಡತೊಡಗಿದರೆ ಮನುಷ್ಯ ಏನೆಂದುಕೊಳ್ಳಬೇಕು?

ಗುಟ್ಟು ರಟ್ಟಾದದ್ದು ಬಸುವಿನ ದಪ್ಪ ಬೆರಳಿನಿಂದ. ಜುಲೈಯ ಒಂದು ಶನಿವಾರ ಮಧ್ಯಾಹ್ನ ನಾನು ಮೊಂಟಾನಾ ಎಂದು ಬರೆದಿದ್ದೆ. ಗುಂಪಿನಲ್ಲಿ 'ಸೂಪರ್' ಬಂತು. ಅದರ ಬೆನ್ನಿಗೇ ಬಸುವಿನದೇ ಇನ್ನೊಂದು ಸಂದೇಶ: "ವೈನಿಯವ್ರ, ಆ ಊರಿಂದ ದವಾಖಾನಿ ನಲವತ್ತು ಮೈಲಿ ಐತಿ. ಬ್ಯಾಡ. ಇವಂಗ ಸದ್ಯಕ್ಕ ಹೂಂ ಅಂದೀನಿ. ಆಮ್ಯಾಲೆ ಬುಕಿಂಗ್ ಆಗಲಿಲ್ಲ ಅಂತ ಶ್ರೀಧರನ ಕಡಿಂದ ಹೇಳಸೋಣು." ಬೇರೆ ಗುಂಪಿಗೆ ಹೋಗಬೇಕಾದದ್ದು ದಾರಿ ತಪ್ಪಿ ಇಲ್ಲಿಗೆ ಬಂದಿತ್ತು. ಕೂಡಲೇ ಅಳಿಸಿದ. ಆದರೆ ನಾನು ಓದಿಯಾಗಿತ್ತು.

ಅಡುಗೆಮನೆಗೆ ಹೋದೆ. ಸುಮಾ ಹುರುಳಿಕಾಯಿ ಹೆಚ್ಚುತ್ತಿದ್ದಳು. "ಇನ್ನೊಂದು ಗ್ರೂಪ್ ಇದೆಯಾ?" ಎಂದೆ. "ಇದೆ ರೀ. ಮಾಡಿದ್ದೂ ನಾನೇ. ಅವರನ್ನ ಏನೂ ಅನ್ನಬೇಡಿ" ಎಂದಳು, ಚಾಕು ನಿಲ್ಲಿಸದೆ. ಮುಚ್ಚುಮರೆ ಇಲ್ಲದೆ ಫೋನನ್ನೇ ಕೈಗೆ ಕೊಟ್ಟಳು. ಗುಂಪಿನ ಹೆಸರು 'ದೇವಸ್ಥಾನ ವಾಲಂಟಿಯರ್ಸ್'. ಅಪ್ಪಿತಪ್ಪಿಯೂ ನಾನು ತೆರೆದು ನೋಡಲಾರದಂಥ ಹೆಸರನ್ನು ಹುಡುಕಿ ಇಟ್ಟಿದ್ದಳು! ಗಂಡಸರ ಪ್ರವಾಸದ ಗುಂಪಿಗೆ ನನ್ನ ಹೆಂಡತಿ ಅಡ್ಮಿನ್ ಆಗಿದ್ದಳು. ಒಳಗೆ ಶ್ರೀಧರನ ಪಟ್ಟಿ ಇತ್ತು. ನಾನು ಹೇಳಿದ ಪ್ರತಿಯೊಂದು ಊರಿನ ಎದುರಿಗೂ ಆಸ್ಪತ್ರೆಯ ದೂರ, ಊರಿನ ಎತ್ತರ, ಫೋನಿಗೆ ಸಿಗ್ನಲ್ ಇದೆಯೋ ಇಲ್ಲವೋ ಎಂಬ ವಿವರ. ಸಿಟ್ಟು ನೆತ್ತಿಗೇರುತ್ತಿತ್ತು, ಅಷ್ಟರಲ್ಲಿ ಕೊನೆಯ ಕಾಲಮ್ಮಿನ ಮೇಲೆ ಕಣ್ಣು ಬಿತ್ತು. 'ಪರಮೇಶಿ ರೂಮಲ್ಲಿ ಯಾರು' ಎಂದು ಬರೆದಿತ್ತು. ಮೂರು ರಾತ್ರಿಯ ಎದುರಿಗೂ ಗೋಪಿಯ ಹೆಸರು. ಕೆಳಗೆ ಅವನದೇ ಒಂದು ಸಾಲು: ನಾನು ಎಚ್ಚರ ಇರ್ತೀನಿ, ಹಗಲು ಮಲಗ್ತೀನಿ. ಸ್ಟವ್ ಸಿಡಿದರೂ ಏಳದವನು ಬರೆದ ಮಾತು ಅದು. ಸುಮಾ ಕಡೆಗೆ ಬೆನ್ನು ಮಾಡಿ, ಹುರುಳಿಕಾಯಿ ಬುಟ್ಟಿಯಲ್ಲಿ ಏನನ್ನೋ ಹುಡುಕುವವನಂತೆ ಸ್ವಲ್ಪ ಹೊತ್ತು ನಿಂತೆ.

ಆದರೂ ಬಿಡುವಂತಿರಲಿಲ್ಲ. ಮಾರನೆಯ ದಿನ ಭಾನುವಾರ, ನಮಗೆ ಹತ್ತು ಗಂಟೆ, ಬಸುವಿಗೆ ಒಂಬತ್ತು, ಮೂವರನ್ನೂ ವಿಡಿಯೋ ಕಾಲ್‌ಗೆ ಕರೆದೆ. ಮೂವರೂ ಸಿಕ್ಕಿಬಿದ್ದ ಕಳ್ಳರ ಹಾಗೆ ಕೂತಿದ್ದರು. "ನೋಡ್ರಪ್ಪಾ," ಎಂದೆ, "ಡಾಕ್ಟರು ನನಗೆ ಎಣ್ಣೆ ಬಿಡು ಅಂದಿದ್ದಾರೆ, ಬೈಸ್ಕೊಳ್ಳೋದು ಬಿಡು ಅಂದಿಲ್ಲ. ಇನ್ನು ಮೇಲೆ ಆಸ್ಪತ್ರೆ ಅನ್ನೋ ಮಾತು ಯಾರ ಬಾಯಲ್ಲೂ ಬರಕೂಡದು. ಈ ಸಲ ನಾವು ಹೋಗ್ತಿರೋದು ಮಾರ್ಕೆಟ್‌ಗೆ." ಬಜಾರು ಎಂದುಕೊಳ್ಳಬೇಡಿ, ಮಿಷಿಗನ್ನಿನ ತುತ್ತತುದಿಯಲ್ಲಿ, ಸುಪೀರಿಯರ್ ಸರೋವರದ ದಂಡೆಯ ಮೇಲಿರುವ ಊರು. ಕ್ಯಾಬಿನ್ನಿನ ಲಿಂಕನ್ನೂ ಅಲ್ಲೇ ಕಳಿಸಿದೆ. ಸುತ್ತ ಕಾಡು, ಮುಂದೆ ನೀರು. "ಕರಡೀನೂ ಇದಾವಂತೆ" ಎಂದು ಬೇಕೆಂದೇ ಸೇರಿಸಿದೆ.

ಬಸುವಿನ ಮುಖ ಕೆಂಪಾಯಿತು. ತಡೆದುಕೊಂಡ. ಇನ್ನಷ್ಟು ಕೆಂಪಾಯಿತು. ಕೊನೆಗೆ ಸಿಡಿದ. "ಏನಲೇ ಪರಮೇಶಿ, ತಲಿ ಗಿಲಿ ಕೆಟ್ಟೈತೇನ ನಿಂದು? ನಾನೂರ ಮೈಲಿ! ಆ ಎತ್ತಿನ ಗಾಡಿ ಹೊಡದ್ಹಂಗ ನೀ ಡ್ರೈವ್ ಮಾಡಿ ಮುಟ್ಟೂದ್ರಾಗ ಕ್ರಿಸ್ಮಸ್ ಬರತೈತಿ! ಜೇಡಕ್ಕ ಹೆದರಾವ ಕರಡಿ ಕಥಿ ಹೇಳ್ತಾನ!" ಎಷ್ಟು ತಿಂಗಳ ಮೇಲೆ ಕೇಳಿದ ದನಿ! ನನ್ನ ಕಣ್ಣಲ್ಲಿ ನೀರಾಡಿತು. "ನೀನ್ಯಾಕೋ ಹೇಳ್ತೀಯ, ಒಂಬತ್ತು ವರ್ಷದಿಂದ ಗಡಿಯಾರ ನೋಡೋಕೆ ಬಂದಿಲ್ಲ" ಎಂದು ನಾನೂ ಕೂಗಿದೆ. ಗೋಪಿ ಸಿಗಡಿಯ ಹಳೆಯ ನೋವು ಎತ್ತಿದ. ಇಪ್ಪತ್ತೈದು ಮೈಲಿಯ ತಗಾದೆ ಹೊರಬಿತ್ತು. ಹಾಸ್ಟೆಲಿನಲ್ಲಿ ಯಾರು ಯಾರ ಸೋಪು ಕದಿಯುತ್ತಿದ್ದರು ಎಂಬಲ್ಲಿಯವರೆಗೂ ಹೋಯಿತು. ಮಾತು ಜೋರಾದಷ್ಟೂ ಎದೆ ಹಗುರಾಗುತ್ತಿತ್ತು. ಮುಕ್ಕಾಲು ಗಂಟೆ ಕಾದಾಡಿದ ಮೇಲೆ ಬಸು ಸೋತು, "ಆತ್ ಬಿಡಪಾ, ಎಲ್ಲಿ ಸಾಯಂತೀಯೋ ಅಲ್ಲೇ ಸಾಯೂಣು" ಎಂದ. ಹಾಗೆಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ.

ಶ್ರೀಧರ ಮಾತ್ರ ಅಷ್ಟು ಹೊತ್ತೂ ತಲೆ ತಗ್ಗಿಸಿ ಏನೋ ಟೈಪ್ ಮಾಡುತ್ತಿದ್ದ. ಈಗ ಕನ್ನಡಕ ಮೇಲೇರಿಸಿ, ಅಪರಾಧಿಯ ದನಿಯಲ್ಲಿ, "ಬೈಬೇಡ ಕಣೋ, ಅಭ್ಯಾಸಬಲ. ಆ ಕ್ಯಾಬಿನ್ನಿಂದ ದೊಡ್ಡ ಆಸ್ಪತ್ರೆ ನಾಲ್ಕೇ ಮೈಲಿ" ಎಂದ.

"ಮೂರೂವರೆ" ಎಂದೆ ನಾನು.

ಮಾತು ಬಾಯಿಂದ ಜಾರಿತ್ತು. ಮೂವರೂ ನನ್ನನ್ನೇ ನೋಡಿದರು. ಹಿಂದಿನಿಂದ ಸುಮಾಳ ಸೌಟಿನ ಸದ್ದೂ ನಿಂತಿತು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಜೂನ್‌ನಿಂದ ಪ್ರತಿಯೊಂದು ಊರಿನ ಹೆಸರು ಹೇಳುವ ಮೊದಲೂ ನಾನೇ ಕದ್ದು ನಕ್ಷೆ ತೆರೆದು, ಆಸ್ಪತ್ರೆ ಎಷ್ಟು ದೂರ ಎಂದು ಅಳೆದು ನೋಡಿದ್ದೆ. ಕೊಲೊರಾಡೋಗೆ ಅರವತ್ತು ಮೈಲಿ, ಅದೂ ಬೆಟ್ಟದ ದಾರಿ. ಬಸು ಹೇಗೂ ಬೇಡ ಅಂತ ಕಿರಿಚುತ್ತಾನೆ, ಆಗ ನಾನು ಧೈರ್ಯವಂತನೆನಿಸಿಕೊಂಡು ಮನೆಯಲ್ಲೇ ಉಳಿಯಬಹುದು ಎಂಬ ಲೆಕ್ಕಾಚಾರ ನನ್ನದು. ಅವರು ಸೂಪರ್ ಅಂದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಮಾರ್ಕೆಟ್ ಒಂದನ್ನು ಮಾತ್ರ ನಿಜವಾಗಿ ಹೋಗುವುದಕ್ಕೆಂದೇ, ಆಸ್ಪತ್ರೆ ಹತ್ತಿರವಿದೆ ಎಂದು ನೋಡಿ ಆರಿಸಿದ್ದೆ. ಡಾಕ್ಟರು ಹೇಳಿದ್ದರಲ್ಲಿ 'ಹೆದರಬೇಡಿ' ಎಂಬುದೊಂದನ್ನು ಮಾತ್ರ ನನ್ನಿಂದ ಪಾಲಿಸಲು ಆಗಿರಲಿಲ್ಲ. ಇಷ್ಟನ್ನೂ ತೊದಲುತ್ತಾ ಹೇಳಿದೆ.

ಮೊದಲು ನಕ್ಕವನು ಗೋಪಿ. ಆಮೇಲೆ ಎಲ್ಲರೂ ನಕ್ಕರು. ಬಸು ಕಣ್ಣೊರೆಸಿಕೊಳ್ಳುತ್ತಾ, "ಹೆದರಿಕಿ ಆಗೇತಿ ಅಂತ ಒಂದ ಮಾತ ಹೇಳಬಾರದೇನಲೇ? ನಾವೇನ ಹೆದರಿಲ್ಲಂತ ತಿಳಿದೀಯೇನ?" ಎಂದ.

ಈಗ ಕ್ಯಾಬಿನ್ ಬುಕ್ ಆಗಿದೆ. ಮಾರ್ಕೆಟ್‌ನಲ್ಲಿ, ಆಸ್ಪತ್ರೆಯಿಂದ ಮೂರೂವರೆ ಮೈಲಿ ದೂರದಲ್ಲಿ. 'ದೇವಸ್ಥಾನ ವಾಲಂಟಿಯರ್ಸ್' ಗುಂಪಿಗೆ ನನ್ನನ್ನೂ ಸೇರಿಸಿಕೊಂಡಿದ್ದಾರೆ, ಆಸ್ಪತ್ರೆಯ ಕಾಲಮ್ಮು ತುಂಬುವ ಕೆಲಸ ನನಗೇ ಒಪ್ಪಿಸಿದ್ದಾರೆ. ನನ್ನನ್ನೂ ಅಡ್ಮಿನ್ ಮಾಡು ಎಂದು ಸುಮಾಳನ್ನು ಕೇಳಿ ನೋಡಿದೆ. "ಇಲ್ಲ ರೀ," ಎಂದಳು, "ನಿಮ್ಮನ್ನ ನಂಬೋಕಾಗಲ್ಲ."