ಕರೆಂಟಿನ ಗಾಡಿ ಬಾಡಿಗೆಗಿದೆ

ಕರೆಂಟಿನ ಗಾಡಿ ಬಾಡಿಗೆಗೆ ಕೊಡುವ ಆಫೀಸಿನಲ್ಲಿ ಕೂತರೆ ನಗುವ ಪ್ರಸಂಗಗಳನ್ನು ಹುಡುಕಬೇಕಿಲ್ಲ, ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ವಿಜಯಪುರದ ಇಬ್ರಾಹಿಂಪುರದಲ್ಲಿ ನಮ್ಮ ಆಫೀಸು. ಆರು ಕಾರು, ಎರಡು ಚಾರ್ಜರ್, ಮತ್ತು ನಾನು. ಯಾವ ಗಾಡಿಯಲ್ಲಿ ಎಷ್ಟು ಚಾರ್ಜ್ ಇದೆ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಮೊದಮೊದಲು ಓಣಿಯವರು, "ಅಕ್ಕಾರ, ಲೈಟ್ ಹೋದ್ರ ಗಾಡಿ ನೂಕ್ತೀರೇನು?" ಎಂದು ಕಿಚಾಯಿಸುತ್ತಿದ್ದರು. ಈಗ ಮದುವೆ ಸೀಸನ್ ಬಂದರೆ ಅವರೇ ಗಾಡಿಗಾಗಿ ಜಗಳ ತೆಗೆಯುತ್ತಾರೆ.

ಮಾಸ್ತರರ ಅರವತ್ತು

ನಿವೃತ್ತ ಮಾಸ್ತರರೊಬ್ಬರು ಹೆಂಡತಿಯನ್ನು ಕರೆದುಕೊಂಡು ಘೋಣಸಗಿಯ ಬೀಗರ ಮನೆಗೆ ಹೋಗಲು ಗಾಡಿ ಒಯ್ದರು. "ಅರ್ಧ ದಾರ್ಯಾಗ ಚಾರ್ಜ್ ಮುಗದ್ರ ಹೆಂಗ?" ಎಂದು ಮೂರು ಸಲ ಕೇಳಿದರು.

"ಫುಲ್ ಐತ್ರಿ ಸರ್. ಹೋಗಿ ಬಂದು ಮತ್ತೊಮ್ಮೆ ಹೋಗಬಹುದು," ಎಂದೆ. ನಂಬಲಿಲ್ಲ.

ಟಿಕೋಟಾ ದಾಟುವ ಮೊದಲೇ ಏಸಿ ಬಂದ್ ಮಾಡಿದರಂತೆ. ಆಮೇಲೆ ರೇಡಿಯೋ. ವಾಪಸ್ ಬರುವಾಗ ಭಾರ ಆಗುತ್ತದೆಂದು ಬೀಗರು ಕೊಟ್ಟ ದ್ರಾಕ್ಷಿ ಪೆಟ್ಟಿಗೆಗಳನ್ನೂ ಅಲ್ಲೇ ಬಿಟ್ಟು ಬಂದರಂತೆ. ಬೇಸಿಗೆ ಬಿಸಿಲು ಬೇರೆ. ಸಂಜೆ ಆಫೀಸಿಗೆ ಬಂದಾಗ ಇಬ್ಬರೂ ಬಾವಿಗೆ ಬಿದ್ದು ಎದ್ದವರಂತೆ ತೊಯ್ದಿದ್ದರು. ನಾನು ಮೀಟರ್ ನೋಡಿ, "ಸರ್, ಇನ್ನೂ ಅರವತ್ತು ಪರ್ಸೆಂಟ್ ಉಳದೈತ್ರಿ!" ಎಂದೆ.

ಮಾಸ್ತರರು ಎದೆ ಉಬ್ಬಿಸಿ, "ಅರವತ್ತಂದ್ರ ಫಸ್ಟ್ ಕ್ಲಾಸ್!" ಎಂದರು.

ಹಿಂದಿನ ಸೀಟಿನಲ್ಲಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಅವರ ಹೆಂಡತಿ ಹೇಳಿದರು: "ಗಾಡಿ ಪಾಸಾತು ತಂಗಿ. ಫೇಲಾದಾಕಿ ನಾನು."

ಗಿರಣಿಯ ಪಾಳಿ

ಈ ಸಲದ ತಪ್ಪು ನನ್ನದೇ. ಬಬಲೇಶ್ವರದ ಗಿರಾಕಿಯೊಬ್ಬರಿಂದ ಗಾಡಿ ತರಲು ಬಸ್ಸಿನಲ್ಲಿ ಹೋಗಿದ್ದೆ. ಮೀಟರ್ ನೋಡದೆ ಹೊರಟುಬಿಟ್ಟೆ. ಸಾರವಾಡದ ಹತ್ತಿರ ಬಂದಾಗ ಉಳಿದದ್ದು ನಾಲ್ಕೇ ಪರ್ಸೆಂಟ್. ಊರಿನಲ್ಲಿ ಹಿಟ್ಟಿನ ಗಿರಣಿ ಕಂಡಿತು. ಅಲ್ಲಿ ದೊಡ್ಡ ಪ್ಲಗ್ ಇರಲೇಬೇಕು ಎಂದುಕೊಂಡು ಗಾಡಿ ನಿಲ್ಲಿಸಿ, ಡಿಕ್ಕಿಯಲ್ಲಿದ್ದ ಚಾರ್ಜಿಂಗ್ ವಾಯರ್ ಹಿಡಿದು ಓಡಿದೆ.

ಗಿರಣಿ ಮುಂದೆ ಜೋಳದ ಡಬ್ಬಿಗಳ ಸಾಲು. ಅಜ್ಜಿಯೊಬ್ಬಳು ನನ್ನನ್ನು ತಡೆದು, "ಪಾಳಿಗೆ ನಿಂದ್ರ ಬೇ! ನಾ ಮುಂಜಾನಿಂದ ಕುಂತೇನಿ," ಎಂದಳು. ವಾಯರ್ ಸುತ್ತಿ ನಾಲ್ಕು ಡಬ್ಬಿಗಳ ಹಿಂದೆ ಇಟ್ಟೆ. ಒಂದೊಂದು ಡಬ್ಬಿ ಒಳಗೆ ಹೋದಂತೆ ಹೆಂಗಸರು ನನ್ನ ವಾಯರನ್ನೂ ಮರ್ಯಾದೆಯಿಂದ ಮುಂದೆ ಸರಿಸಿದರು. ಕೊನೆಗೂ ನನ್ನ ಪಾಳಿ ಬಂತು. ಮೈತುಂಬ ಹಿಟ್ಟು ಮೆತ್ತಿಕೊಂಡಿದ್ದ ಗಿರಣಿಯವರು ವಾಯರ್ ಕೈಗೆತ್ತಿಕೊಂಡು, ರೂಢಿಯಂತೆ ಕೇಳಿಯೇಬಿಟ್ಟರು:

"ಸಣ್ಣಗ ಬೀಸ್ಲೋ, ದಪ್ಪಗ ಬೀಸ್ಲೋ ಅಕ್ಕಾರ?"

ಮುಹೂರ್ತಕ್ಕೆ ಹತ್ತು ನಿಮಿಷ

ಬಬಲೇಶ್ವರದಲ್ಲೊಂದು ಲಗ್ನ. ಮದುಮಗಳ ಅಪ್ಪ ನಮ್ಮ ಗಾಡಿ ಗೊತ್ತು ಮಾಡಿದ್ದು ಮದುಮಗಳ ಕಾಕಾನಿಗೆ ಸೇರಿರಲಿಲ್ಲ. ನಾನೇ ಬಿಳಿ ಗಾಡಿ ಒಯ್ದು ಮಂಗಲ ಕಾರ್ಯಾಲಯದ ಬಾಗಿಲಲ್ಲಿ ನಿಲ್ಲಿಸಿದಾಗ ಆ ಕಾಕಾ, "ಆಟಗಿ ಸಾಮಾನ ತಂದೀರಲ್ಲ!" ಎಂದು ಬೀಗರ ಮುಂದೆಯೇ ನಕ್ಕರು. ನಾನು ಗಾಡಿಯ ಗಾಜು ಒರೆಸುತ್ತ ನಿಂತೆ.

ಅಕ್ಷತೆಗೆ ಹತ್ತು ನಿಮಿಷವಿದೆ ಎನ್ನುವಾಗ ಕರೆಂಟ್ ಹೋಯಿತು. ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮಂದಿಯೆಲ್ಲ ಅಕ್ಕಿಕಾಳು ಹಿಡಿದು ಕೂತಿದ್ದಾರೆ. ಮೈಕ್ ಇಲ್ಲದೆ ಮಂಗಲಾಷ್ಟಕ ಮೂರನೇ ಸಾಲಿಗೂ ಮುಟ್ಟುವುದಿಲ್ಲ. ಮದುಮಗಳ ಅಪ್ಪ ಬೆವರು ಒರೆಸಿಕೊಳ್ಳುತ್ತ, "ಯಪ್ಪಾ, ಮುಹೂರ್ತ ತಪ್ಪತೈತಿ!" ಎಂದು ವೇದಿಕೆಗೂ ಬಾಗಿಲಿಗೂ ಓಡಾಡುತ್ತಿದ್ದರು.

"ಮೈಕಿನ ವಾಯರ್ ಇಲ್ಲಿ ತರ್ರಿ," ಎಂದೆ. ನಮ್ಮ ಗಾಡಿ ಕರೆಂಟ್ ಕುಡಿಯುವುದಷ್ಟೇ ಅಲ್ಲ, ಅಡಾಪ್ಟರ್ ಹಚ್ಚಿದರೆ ವಾಪಸ್ಸೂ ಕೊಡುತ್ತದೆ. ಜೋಡಿಸಿದೆ. ಮೈಕ್ ಜೀವ ಹಿಡಿಯಿತು. ವೇದಿಕೆಯ ಎರಡು ಫ್ಯಾನುಗಳೂ ತಿರುಗಿದವು. ಜನ ಚಪ್ಪಾಳೆ ಹೊಡೆದರು. ನನ್ನ ಮಗಳದೇ ಲಗ್ನವೇನೋ ಎನ್ನುವಷ್ಟು ಸಂಭ್ರಮ ನನಗೆ.

ಲಗ್ನದ ಮೈಕಿನಲ್ಲಿ "ಅಡ್ಡ ನಿಂತ ಗಾಡಿ ತಗೀರಿ" ಎಂದು ಕೂಗುವುದನ್ನು ಎಲ್ಲರೂ ಕೇಳಿದ್ದೇವೆ. ಅವತ್ತು ಕಾಕಾ ಓಡಿ ಬಂದು, ಮಂಗಲಾಷ್ಟಕ ಹೇಳುತ್ತಿದ್ದ ಸ್ವಾಮಿಗಳ ಕೈಯಿಂದ ಮೈಕ್ ಕಸಿದುಕೊಂಡು, ಇಡೀ ಬಬಲೇಶ್ವರಕ್ಕೆ ಕೇಳುವಂತೆ ಒದರಿದರು:

"ಬಾಗಲಾಗ ನಿಂತ ಬಿಳಿ ಗಾಡಿ ಯಾರೂ ತಗೀಬ್ಯಾಡ್ರಿ! ಗಾಡಿ ತಗದ್ರ ಲಗ್ನ ನಿಲ್ತೈತಿ!"